ವಯಸ್ಸಾದ ಗಂಡುನಾಯಿಗೆ ಬಾಲದ ಕೆಳಗೆ ಊತ ಬಂದರೆ ಕುರು ಎಂದು ನಂಬಬೇಡಿ

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಾವು ಬಳ್ಳಾರಿಯ ಕೌಲ್ ಬಜಾರಿನವರು. ನಮ್ಮ ಕರಿಯನಿಗೆ ಹತ್ತು ವರ್ಷ. ಗಂಡುನಾಯಿಗೆ ಸಂತಾನಹರಣ ಏತಕ್ಕೆ ಎಂದು ಮಾಡಿಸಿರಲಿಲ್ಲ. ಎರಡು ತಿಂಗಳಿಂದ ಮಲವಿಸರ್ಜನೆಗೆ ತಿಣುಕುತ್ತಿದ್ದ. ಆಮೇಲೆ ಗುದದ ಬಲಗಡೆ ನಿಂಬೆಹಣ್ಣಿನಷ್ಟು ಊತ.

ಇಲ್ಲಿನ ಒಬ್ಬ ಖಾಸಗಿ ವೈದ್ಯರು ಮೇಲಿಂದ ಒತ್ತಿ ನೋಡಿ, "ಕುರು. ಐದು ಇಂಜೆಕ್ಷನ್‌ಗೆ ಇಳಿಯುತ್ತದೆ" ಎಂದರು. ದಿನಕ್ಕೆ 700 ರೂಪಾಯಿ. ರಸೀದಿ ಕೇಳಿದರೆ ಬಿಳಿ ಚೀಟಿ. ಕೈಗವಸು ಹಾಕಲಿಲ್ಲ, ಗುದದೊಳಗೆ ಬೆರಳಿಟ್ಟು ನೋಡಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕನೇ ದಿನ ಊತ ಮೂಸಂಬಿಯಷ್ಟಾಯಿತು. ಕರಿಯ ಕಾಲೆತ್ತುತ್ತಾನೆ, ಒಂದು ಹನಿಯೂ ಇಲ್ಲ. ಮುಂದಿನ ಕಂಬಕ್ಕೆ ಹೋಗುತ್ತಾನೆ, ಅಲ್ಲಿಯೂ ಇಲ್ಲ. ಫೋನ್ ಮಾಡಿದೆ. "ಬಿಸಿಲಿಗೆ ಮೂತ್ರ ಕಡಿಮೆಯಾಗಿರುತ್ತದೆ. ನಾಳೆ ಬನ್ನಿ, ಕೊಯ್ದು ಕೀವು ತೆಗೆಯುತ್ತೇನೆ." ನಮ್ಮೂರ ಬಿಸಿಲು ಗೊತ್ತಲ್ಲ, ನಂಬಿದೆ. ನಂಬಿಬಿಟ್ಟೆ!

ರಾತ್ರಿ ವಾಂತಿ ಶುರುವಾಯಿತು. ಇನ್ನೊಬ್ಬ ವೈದ್ಯರ ಮನೆ ಬಾಗಿಲು ತಟ್ಟಿದೆವು. ಅವರು ಕೈಗವಸು ಹಾಕಿ ಬೆರಳಿಟ್ಟು ನೋಡಿದ ಕೂಡಲೇ "ಹರ್ನಿಯಾ" ಎಂದರು. ಊತಕ್ಕೆ ಸೂಜಿ ಚುಚ್ಚಿ ಎಳೆದರು. ಸಿರಿಂಜಿಗೆ ಬಂದದ್ದು ಕೀವಲ್ಲ, ಮೂತ್ರ. ಕಡುಹಳದಿ ಮೂತ್ರ, ಸಿರಿಂಜಿನ ಮೇಲೆ ಸಿರಿಂಜು. ಊತ ಕಣ್ಣೆದುರೇ ಇಳಿಯಿತು. ಬೆಳಗಾಗಿದ್ದರೆ ಆ ಮನುಷ್ಯ ಕೊಯ್ಯುತ್ತಿದ್ದದ್ದು ನನ್ನ ನಾಯಿಯ ಮೂತ್ರಕೋಶವನ್ನು. ಅದಕ್ಕೆ ದುಡ್ಡು ಕೊಡಲು ನಾನು ಸಿದ್ಧನಾಗಿದ್ದೆ!

ಈ ಹರ್ನಿಯಾ ಎಂದರೆ, ಸಂತಾನಹರಣವಾಗದ ಮುದಿ ಗಂಡುನಾಯಿಗಳಲ್ಲಿ ಗುದದ ಪಕ್ಕದ ಸ್ನಾಯುಗಳು ಸೋತು, ಕರುಳು, ಪ್ರಾಸ್ಟೇಟ್ ಗ್ರಂಥಿ, ಕೆಲವೊಮ್ಮೆ ಮೂತ್ರಕೋಶವೇ ಹಿಂದಕ್ಕೆ ಮಗುಚಿ ಅಲ್ಲಿಗೆ ಜಾರುತ್ತದೆ. ಮೂತ್ರನಾಳ ಮಡಚಿಕೊಂಡರೆ ಮೂತ್ರ ಕಟ್ಟುತ್ತದೆ, ಕಿಡ್ನಿ ಕೆಡುತ್ತದೆ, ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಕರಿಯನಿಗೆ ಆಗಲೇ ಏರಿತ್ತು. ಮೂತ್ರ ಹೋಗಲು ಕೊಳವೆ ಹಾಕಿಸಿಕೊಂಡು, 300 ಕಿಲೋಮೀಟರ್ ಕಾರಿನಲ್ಲಿ ಬೆಂಗಳೂರಿಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಿದೆವು, ಜೊತೆಗೇ ಸಂತಾನಹರಣವನ್ನೂ. ಬದುಕಿದ್ದಾನೆ. ಮಲಗಿದಲ್ಲಿ ಇನ್ನೂ ಮೂತ್ರ ಸೋರುತ್ತದೆ.

ಮೂತ್ರ ನಿಂತರೆ ನಾಳೆಗೆ ಕಾಯಬೇಡಿ. ಬೆರಳಿಟ್ಟು ನೋಡದವರ ಕೈಗೆ ಕತ್ತರಿ ಕೊಡಬೇಡಿ.

ಕುರು ಎಂದಿದ್ದ ಆ ವೈದ್ಯರನ್ನು ಕೇಳಲು ಹೋದೆ. ಮೊದಲು, "ಮುದಿ ನಾಯಿಗೆ ಇಷ್ಟೊಂದು ಖರ್ಚು ಯಾರು ಮಾಡುತ್ತಾರೆ?" ಎಂದರು. ಆಮೇಲೆ, "ಮೂತ್ರ ನಿಂತಿದೆ ಎಂದು ನೀವು ಹೇಳಲೇ ಇಲ್ಲವಲ್ಲ." ಹೇಳಲೇ ಇಲ್ಲವಂತೆ! ಆ ಕರೆ ನನ್ನ ಮೊಬೈಲಿನಲ್ಲಿ ಇನ್ನೂ ಇದೆ: ಸಂಜೆ 6.40, ನಾಲ್ಕು ನಿಮಿಷ.