ಕಾರವಾರದ ಮಳೆಗಾಲದಲ್ಲಿ ರೋಟಾಹೇಲರ್ ಎಷ್ಟು ನಂಬಬಹುದು?

ಉಬ್ಬಸ ಇದ್ದವರಿಗೆ ನಮ್ಮ ಕಡೆ ವೈದ್ಯರು ಹೆಚ್ಚಾಗಿ ಬರೆದುಕೊಡುವ ಸಾಧನಗಳಲ್ಲಿ, ಕ್ಯಾಪ್ಸೂಲಿನೊಳಗಿನ ಔಷಧದ ಪುಡಿಯನ್ನು ಬಾಯಿಯಿಂದ ಉಸಿರೆಳೆದು ತೆಗೆದುಕೊಳ್ಳುವ ರೋಟಾಹೇಲರ್ ಒಂದು. ಬೆಲೆ ಕಡಿಮೆ, ಮೈ ಪಾರದರ್ಶಕ, ಪಂಪ್ ಇನ್‌ಹೇಲರಿನ ಹಾಗೆ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಸಿಕೊಳ್ಳುವ ಕಷ್ಟ ಇಲ್ಲ. ದಿನನಿತ್ಯದ ಔಷಧಕ್ಕೆ ಇದು ಒಳ್ಳೆಯ ಆಯ್ಕೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಕಾರವಾರ, ಅಂಕೋಲಾ, ಹೊನ್ನಾವರದಂಥ ಊರುಗಳಲ್ಲಿ, ಒಣಗಿದ ಪುಡಿಯನ್ನೇ ನಂಬಿದ ಈ ಸಾಧನಕ್ಕೆ ತುಸು ಹೆಚ್ಚಿನ ಆರೈಕೆ ಬೇಕು. ಜೋರು ದಮ್ಮು ಬಂದಾಗ ಇದೊಂದನ್ನೇ ನೆಚ್ಚಿ ಕೂರಬಾರದು.

ಕಾರಣ ಅದರ ರಚನೆಯಲ್ಲೇ ಇದೆ. ಕ್ಯಾಪ್ಸೂಲಿನಲ್ಲಿ ಕಾಣುವ ಪುಡಿಯ ಬಹುಪಾಲು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಔಷಧ ಅದಕ್ಕೆ ಅಂಟಿಕೊಂಡ ಕಣ ಮಾತ್ರ. ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ ಕಣ ಸುಮಾರು 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಇರಬೇಕು. ಅದನ್ನು ಲ್ಯಾಕ್ಟೋಸ್‌ನಿಂದ ಬಿಡಿಸುವ ಶಕ್ತಿ ನಮ್ಮ ಉಸಿರಿನ ಎಳೆತವೇ. ರೋಗಿಯ ಉಸಿರನ್ನೇ ಯಂತ್ರವಾಗಿಸುವ ಈ ಉಪಾಯವನ್ನು ಗೆಲ್ಲಿಸಿ ತೋರಿಸಿದವರಲ್ಲಿ ಮುಖ್ಯರು ರೋಜರ್ ಆಲ್ಟೂನ್ಯಾನ್. 1922ರಲ್ಲಿ ಸಿರಿಯಾದಲ್ಲಿ ಹುಟ್ಟಿದ ವೈದ್ಯ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಸ್ವತಃ ಆಸ್ತಮಾ ರೋಗಿ. ಗಿನಿಪಿಗ್ ಕೂದಲಿನ ಸಾರವನ್ನು ತಾವೇ ಉಸಿರಾಡಿ ದಮ್ಮು ಬರಿಸಿಕೊಂಡು, ಒಂದೊಂದೇ ರಾಸಾಯನಿಕವನ್ನು ತಮ್ಮ ಮೇಲೆಯೇ ವರ್ಷಗಟ್ಟಲೆ ಪರೀಕ್ಷಿಸಿದರು. 1965ರಲ್ಲಿ ಕ್ರೋಮೋಗ್ಲೈಕೇಟ್ ಎಂಬ ಔಷಧ ಸಿಕ್ಕಿತು. ಅದನ್ನು ಒಳಗೆ ತಲುಪಿಸಲು ಅವರು ರೂಪಿಸಿದ ಸ್ಪಿನ್‌ಹೇಲರಿನಲ್ಲಿ ವಿಮಾನದ ಪ್ರೊಪೆಲರಿನಂಥ ಪುಟ್ಟ ರೆಕ್ಕೆ ಇತ್ತು. ಉಸಿರೆಳೆದರೆ ತಿರುಗಿ ಕ್ಯಾಪ್ಸೂಲಿನ ಪುಡಿ ಚೆಲ್ಲುತ್ತಿತ್ತು. ದಮ್ಮು ಬಂದ ಮೇಲೆ ಬಿಡಿಸುವುದಲ್ಲ, ಬಾರದಂತೆ ತಡೆಯುವುದು ಆ ಔಷಧದ ಕೆಲಸ. ತಡೆಯುವ ಕೆಲಸವನ್ನು ಈಗ ಬಹುತೇಕ ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡ್‌ಗಳು ಮಾಡುತ್ತವೆ, ರೋಟಾಹೇಲರಿನಲ್ಲಿ ರೆಕ್ಕೆಯೂ ಇಲ್ಲ. ಆದರೂ ಎಳೆತ ಇಲ್ಲದಿದ್ದರೆ ಔಷಧ ಇಲ್ಲ ಎಂಬುದು ಇಂದಿಗೂ ಬದಲಾಗಿಲ್ಲ.

ಬಳಸುವ ಕ್ರಮದಲ್ಲಿ ತಪ್ಪುವುದು ಸಣ್ಣ ಸಣ್ಣ ಕಡೆ. ಬಾಯಿಗಿಡುವ ಭಾಗ ಕೆಳಗಾಗುವಂತೆ ನೆಟ್ಟಗೆ ಹಿಡಿದು, ಮೇಲಿನ ಚೌಕ ತೂತಿಗೆ ಕ್ಯಾಪ್ಸೂಲಿನ ಪಾರದರ್ಶಕ ತುದಿಯನ್ನು ಮುಂದಾಗಿ ಒತ್ತಬೇಕು. ಮೇಲ್ತುದಿ ತೂತಿನ ಅಂಚಿಗೆ ಸಮ ಬರುವವರೆಗೆ ಒತ್ತದಿದ್ದರೆ ತಿರುಗಿಸಿದಾಗ ಕ್ಯಾಪ್ಸೂಲ್ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ತಿರುಗುವ ಭಾಗವನ್ನು ಕೊನೆಯವರೆಗೆ ತಿರುಗಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ, ಆದರೆ ಸಾಧನದೊಳಗೆ ಅಲ್ಲ: ಬಾಯಿಯ ಹಸಿಗಾಳಿ ಹೊಕ್ಕರೆ ಪುಡಿ ಅಲ್ಲೇ ಅಂಟುತ್ತದೆ. ತುಟಿ ಬಿಗಿಹಿಡಿದು ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆದು 10 ಸೆಕೆಂಡ್ ಉಸಿರು ಹಿಡಿಯಿರಿ. ಬೆಳಕಿಗೆ ಹಿಡಿದು ನೋಡಿ. ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಮೈ ಪಾರದರ್ಶಕ ಆಗಿರುವುದರ ದೊಡ್ಡ ಲಾಭ ಇದೇ. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಲೇಬೇಕು, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು, ದನಿ ಒಡೆಯಬಹುದು. ಹೊಸಬರು ಕ್ಯಾಪ್ಸೂಲನ್ನು ನುಂಗಿಬಿಡುವುದೂ ಉಂಟು. ಮನೆಯ ಹಿರಿಯರಿಗೆ ಕೊಡುವಾಗ ಒಮ್ಮೆ ಎದುರಿಗೆ ಕೂತು ಮಾಡಿಸಿ.

ಈಗ ಮಳೆಯ ವಿಷಯ. ಆಷಾಢದಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಈ ಪುಡಿಯೂ ತೇವಕ್ಕೆ ಗಂಟುಕಟ್ಟುತ್ತದೆ. ಗಂಟಾದ ಕಣ ದೊಡ್ಡದಾಗಿ ಗಂಟಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ರೋಗಿಗೆ ಔಷಧ ತಗೊಂಡೆ ಅನಿಸುತ್ತದೆ, ಎದೆಗೆ ಅರ್ಧವೂ ತಲುಪಿರುವುದಿಲ್ಲ. ಜಿಲೆಟಿನ್ ಕವಚವೂ ಮೆತ್ತಗಾಗಿ ಸರಿಯಾಗಿ ಬಿಚ್ಚುವುದಿಲ್ಲ. ಹಾಗಾಗಿ ಕ್ಯಾಪ್ಸೂಲ್‌ಗಳು ಅವುಗಳ ಬಾಟಲಿಯಲ್ಲೇ, ತೇವ ಹೀರುವ ಪೊಟ್ಟಣದ ಸಮೇತ ಇರಲಿ. ವಾರದ ಲೆಕ್ಕಕ್ಕೆ ಬೇರೆ ಡಬ್ಬಿಗೆ ಸುರಿಯುವುದು, ಬೆಳಿಗ್ಗೆಗೆಂದು ರಾತ್ರಿಯೇ ಸಾಧನಕ್ಕೆ ತುಂಬಿಡುವುದು ಎರಡೂ ಬೇಡ. ಬಚ್ಚಲು, ಅಡುಗೆಮನೆ, ಫ್ರಿಜ್ ಮೂರೂ ತಪ್ಪು ಜಾಗ; ಫ್ರಿಜ್‌ನಿಂದ ತೆಗೆದ ಕೂಡಲೇ ಬಾಟಲಿಯೊಳಗೆ ಬೆವರು ಕಟ್ಟುತ್ತದೆ. ಕೊಡೆ ಹಿಡಿದ ಒದ್ದೆ ಕೈಯಲ್ಲಿ ಕ್ಯಾಪ್ಸೂಲ್ ಮುಟ್ಟಬೇಡಿ.

ತೊಳೆಯುವುದೂ ಅಷ್ಟೇ ಮುಖ್ಯ. ವಾರಕ್ಕೊಮ್ಮೆ ಬಿಚ್ಚಿ ಹರಿಯುವ ನೀರಲ್ಲಿ ತೊಳೆದು, ಕೊಡವಿ, ಗಾಳಿಗೆ ಒಣಗಲು ಬಿಡಬೇಕು. ಜುಲೈಯಲ್ಲಿ ಅದು ರಾತ್ರಿ ಕಳೆದರೂ ಒಣಗಿರುವುದಿಲ್ಲ, ಒಳಗಿನ ಜಾಲರಿಯಲ್ಲಿ ಹನಿ ಉಳಿದಿರುತ್ತದೆ. ಎರಡು ರೋಟಾಹೇಲರ್ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಸರಳ ದಾರಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ. ಹೊಗೆಯ ಮಸಿ ಕೂತ ಸಾಧನವನ್ನು ಬಾಯಿಗಿಟ್ಟು ಎಳೆಯುವುದು ಉಬ್ಬಸದವರಿಗೆ ಆಗುವ ಮಾತಲ್ಲ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಬೇಯಿಸುವ ದಿನಗಳಲ್ಲಿ ಇದನ್ನು ಇನ್ನಷ್ಟು ಗಮನಿಸಬೇಕು.

ತುರ್ತಿಗೆ ಇದು ಯಾಕೆ ಸಾಲದು? ದಮ್ಮು ಬಿಗಿದವರಿಗೆ ಜೋರಾಗಿ ಎಳೆಯುವ ಶಕ್ತಿಯೇ ಇರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೂ ಅಷ್ಟೇ. ಅದಕ್ಕೆ ಪಂಪ್ ಇನ್‌ಹೇಲರ್ ಮತ್ತು ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ) ಮನೆಯಲ್ಲಿರಲಿ, ಪುಟ್ಟ ಮಕ್ಕಳಿಗೆ ಮಾಸ್ಕ್ ಸಮೇತ. ಪಂಪ್ 1956ರಿಂದಲೂ ಇದೆ. ಡಬ್ಬಿ ಮುಚ್ಚಿರುವುದರಿಂದ ಹೊರಗಿನ ತೇವ ಒಳಗಿನ ಔಷಧವನ್ನು ಕೆಡಿಸುವುದು ಕಡಿಮೆ. ಚೆನ್ನಾಗಿ ಅಲ್ಲಾಡಿಸಿ, ಒಂದು ಸಲಕ್ಕೆ ಒಂದೇ ಪಫ್ ಒತ್ತಿ, ಐದಾರು ಸಹಜ ಉಸಿರು ತೆಗೆದುಕೊಳ್ಳಬೇಕು. ಇಲ್ಲಿ ಜೋರು ಎಳೆತ ಬೇಡ. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್‌ಗೆ ವಿದ್ಯುದಾವೇಶ ಬಂದು ಔಷಧ ಗೋಡೆಗೇ ಹಿಡಿಯುತ್ತದೆ. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರಿಂದ ಬರೆಸಿ ಸ್ಪೇಸರಿನ ಜೊತೆಗೇ ಇಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಕಾಯದೆ ಹೊರಡಿ, ದಾರಿಯಲ್ಲೂ ಪಫ್ ಕೊಡುತ್ತಿರಿ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ದಾಟಬೇಕಾದವರು ಪಂಪಿನಲ್ಲಿ ಎಷ್ಟು ಉಳಿದಿದೆ ಎಂದು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ಕೊಳ್ಳುವಾಗ ಡೋಸ್ ಎಣಿಕೆ ತೋರಿಸುವ ಪಂಪ್ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ಎಣಿಕೆ ಇಲ್ಲದ್ದು ಖಾಲಿಯಾದ ಮೇಲೂ ಬರೀ ಅನಿಲ ಚಿಮ್ಮಿಸುತ್ತದೆ.