ಇಟಲಿಯಲ್ಲಿ ಹಳೇ ಕಲ್ಲಿನ ಮನೆ ರಿಪೇರಿ ಮಾಡಿಸುವವರು ದಯವಿಟ್ಟು ಓದಿ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಮೊನ್ನೆ ನಮ್ಮ ಕನ್ನಡದವರೇ ಒಬ್ಬರು ಫೋನ್ ಮಾಡಿ, "ನಿಮ್ಮ ಹಾಗೆ ನಾವೂ ಒಂದು ಹಳೇ ಮನೆ ನೋಡಿದ್ದೀವಿ, ಮೇಸ್ತ್ರಿನೂ ಸಿಕ್ಕಿದ್ದಾನೆ" ಅಂದರು. ಎದೆ ಧಸಕ್ ಅಂದಿತು.

ನಾವಿರುವುದು ಮಿಲಾನಿನಲ್ಲಿ. 2022ರಲ್ಲಿ ಲುನಿಜಾನಾದಲ್ಲಿ, ಅಂದರೆ ಟಸ್ಕನಿಯ ಉತ್ತರ ತುದಿಯ ಬೆಟ್ಟದ ಸೀಮೆಯಲ್ಲಿ, ಒಂದು ಪುಟ್ಟ ಊರಲ್ಲಿ ಮನೆ ಕೊಂಡೆವು. ಅರುವತ್ತು ಸೆಂಟಿಮೀಟರ್ ದಪ್ಪದ ಮರಳುಗಲ್ಲಿನ ಗೋಡೆ, ಚೆಸ್ಟ್‌ನಟ್ ಮರದ ತೊಲೆ, ಕೆಳಗೆ ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆ. ಮನೆ ಕೊಳ್ಳುವುದರಲ್ಲಿ ಏನೂ ತೊಂದರೆ ಆಗಲಿಲ್ಲ. ಮೋಸ ಹೋಗಿದ್ದು ರಿಪೇರಿಯಲ್ಲಿ.

ನಕ್ಷೆ, ಪರವಾನಗಿ ನೋಡಿಕೊಂಡ ಜಿಯೋಮೆತ್ರಾ (ಇಲ್ಲಿ ಮನೆಯ ಅಳತೆ, ನಕ್ಷೆ, ಕಟ್ಟಡದ ಕೆಲಸ ನೋಡುವ ತಂತ್ರಜ್ಞರು) ಮೊದಲೇ ಹೇಳಿದ್ದರು: ಒಳಗಿನ ಗಿಲಾವು ಸುಣ್ಣದ್ದೇ ಆಗಬೇಕು, ಸಿಮೆಂಟ್ ಕೂಡದು. ಇಂಥ ಗೋಡೆ ನೆಲದ ನೀರು ಹೀರುತ್ತಲೇ ಇರುತ್ತದೆ. ಸುಣ್ಣವಾದರೆ ಆ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಗೋಡೆಯ ಬಾಯಿ ಕಟ್ಟಿದ ಹಾಗೆ. ನೀರು ಇನ್ನೂ ಮೇಲೇರುತ್ತದೆ, ಉಪ್ಪು ಉಕ್ಕುತ್ತದೆ, ಗಿಲಾವು ಹಪ್ಪಳ ಎದ್ದ ಹಾಗೆ ಎದ್ದು ಉದುರುತ್ತದೆ. ಊರಲ್ಲಿ ನಮ್ಮ ಅಜ್ಜನ ಮನೆ ಪೂರ್ತಿ ಸುಣ್ಣದ ಗಾರೆಯದು. ನನಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಮೋಸ ಹೋದೆ, ಅದೇ ಹೊಟ್ಟೆ ಉರಿಸುವುದು.

ಕಂಟ್ರಾಕ್ಟರ್ ಕೊಟ್ಟ ಎಸ್ಟಿಮೇಟಿನಲ್ಲಿ ಸ್ಪಷ್ಟವಾಗಿ ಇತ್ತು: ನೈಸರ್ಗಿಕ ಸುಣ್ಣದ ಗಿಲಾವು, 140 ಚದರ ಮೀಟರ್, ಮೀಟರಿಗೆ 45 ಯೂರೋ. ಒಟ್ಟು 6,300. ಜಿಯೋಮೆತ್ರಾ ಕೆಲಸದ ಮೇಲ್ವಿಚಾರಣೆಗೆ 2,000 ಕೇಳಿದರು. ಅದನ್ನು ಉಳಿಸೋಣ ಅಂತ ಬೇಡ ಅಂದೆ. ತಪ್ಪು ನನ್ನದೇ. ವಾರವಾರ ಮಿಲಾನಿನಿಂದ ಹೋಗಿ ನಿಲ್ಲಲು ಆಗುತ್ತದಾ? ಕಂಟ್ರಾಕ್ಟರ್ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತೇನೆ ಅಂದ, ಒಪ್ಪಿಕೊಂಡೆ.

2023ರ ಜೂನಿನಲ್ಲಿ ಕೆಲಸ ಶುರು. ಆಗಸ್ಟಿನಲ್ಲಿ ಇಡೀ ದೇಶವೇ ರಜೆ ಹಾಕುವುದು ಗೊತ್ತಲ್ವಾ, ಒಂದು ತಿಂಗಳು ಸುಮ್ನೆ ಹೋಯಿತು. ಗಿಲಾವು ಆಗಿದ್ದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಏನು ಕೇಳಿದರೂ ಒಂದೇ ಉತ್ತರ: "ತ್ರಾಂಕ್ವಿಲ್ಲೊ, ಚಿ ಪೆನ್ಸೊ ಇಯೊ." ಚಿಂತೆ ಬಿಡಿ, ನಾನು ನೋಡ್ಕೋತೀನಿ. ಫೋಟೋ ಬರುತ್ತಿತ್ತು: ಗೋಡೆ ಪಕ್ಕ ನಾಲ್ಕು ಸುಣ್ಣದ ಚೀಲ. ಮುಂದಿನ ವಾರವೂ ನಾಲ್ಕು ಸುಣ್ಣದ ಚೀಲ. ನನಗೆ ಸಮಾಧಾನ.

ಜನವರಿಯಲ್ಲಿ ಹೋಗಿ ನೋಡುತ್ತೇವೆ, ಮಲಗುವ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆ. ಮೇಲೆ ಬಿಳಿ ಉಪ್ಪು, ಹತ್ತಿಯ ಎಳೆಯ ಹಾಗೆ. ಬೆರಳಲ್ಲಿ ಒತ್ತಿದರೆ ಬಣ್ಣ ಪುಡಿಯಾಗಿ ಬಂತು, ಅದರ ಕೆಳಗೆ ಬೂದು ಬಣ್ಣದ ಗಟ್ಟಿ ಪದರ. ಸುಣ್ಣ ಅಷ್ಟು ಬೂದಾಗಿ ಇರಲ್ಲ. ಕೊಟ್ಟಿಗೆಗೆ ಇಳಿದೆ. ಮೂಲೆಯಲ್ಲಿ ಖಾಲಿ ಚೀಲಗಳ ರಾಶಿ. ಮೇಲೆ ನಾಲ್ಕು ಸುಣ್ಣದವು. ಕೆಳಗಿದ್ದವೆಲ್ಲ ಸಿಮೆಂಟ್, ಚೀಲದ ಮೇಲೆ 32,5 (ಸಿಮೆಂಟಿನ ಬಲದ ದರ್ಜೆ) ಅಂತ ದಪ್ಪಕ್ಷರ. ಎಣಿಸಿದೆ, ಅರುವತ್ತೊಂದು. ಆ ಸುಣ್ಣದ ಚೀಲಗಳಲ್ಲಿ ಒಂದಕ್ಕೆ ಮೂಲೆ ಹರಿದಿತ್ತು. ಅಲ್ಲೇ ನಿಂತು ಫೋನ್ ತೆಗೆದು ಹಳೇ ಫೋಟೋ ನೋಡಿದೆ. ಮೂರು ವಾರದ ಮೂರು ಫೋಟೋದಲ್ಲೂ ಅದೇ ಹರಿದ ಮೂಲೆ. ಅದೇ ನಾಲ್ಕು ಚೀಲ ಎತ್ತಿ ಎತ್ತಿ ಇಟ್ಟು ಫೋಟೋ ಹೊಡೆದಿದ್ದಾನೆ! ನನ್ನ ಹೆಂಡತಿ ಮೇಲಿಂದ "ಏನ್ರೀ ಆಯ್ತು?" ಅಂತ ಕೂಗುತ್ತಿದ್ದಳು. ಬಾಯಿಂದ ಮಾತೇ ಹೊರಡಲಿಲ್ಲ.

ಫೋನ್ ಮಾಡಿದರೆ ಅವನ ಉತ್ತರ ಕೇಳಿ. ಮೊದಲು, "ಇದು ಗೋಡೆಯ ನೀರಲ್ಲ, ನೀವು ಒಳಗೆ ಅನ್ನ ಬೇಯಿಸ್ತೀರಲ್ಲ, ಅದರ ಹಬೆ. ಕಿಟಕಿ ತೆಗೀರಿ." ಆ ಮನೆಯಲ್ಲಿ ಇನ್ನೂ ಒಲೆಯೇ ಇಲ್ಲ! ಅದು ಹೇಳಿದ ಮೇಲೆ ಭೂಕಂಪ ಶುರು ಮಾಡಿದ. "1920ರ ಭೂಕಂಪದಲ್ಲಿ ಈ ಕಡೆ ಎಷ್ಟು ಮನೆ ಬಿತ್ತು ಗೊತ್ತಾ? ಸಿಮೆಂಟ್ ಇಲ್ಲದೆ ನಿಲ್ಲಲ್ಲ." ಅಲ್ಲಯ್ಯಾ, ಆ ಭೂಕಂಪದಲ್ಲೂ ಈ ಗೋಡೆ ಸುಣ್ಣದಲ್ಲೇ ನಿಂತಿತ್ತಲ್ಲ? ಸಿಮೆಂಟ್ ಅಷ್ಟು ಒಳ್ಳೇದಾದರೆ ಬಿಲ್ಲಿನಲ್ಲಿ ಸುಣ್ಣ ಅಂತ ಯಾಕೆ ಬರೆದೆ? ಅದಕ್ಕೆ ಉತ್ತರ ಇಲ್ಲ. ಆಮೇಲೆ ನೀಲಿ ಟಿಕ್ ಮಾತ್ರ.

ಇನ್ನೊಂದು. ನಡುವೆ "4,000 ಕೈಗೆ ಕೊಡಿ, ಬಿಲ್ ಬೇಡ, 10% ತೆರಿಗೆ ಉಳಿಯುತ್ತೆ" ಅಂದಿದ್ದ. ಕೊಟ್ಟೆ. ಆಗ ರಿಪೇರಿ ಖರ್ಚಿನ 50% ಹತ್ತು ವರ್ಷದಲ್ಲಿ ಆದಾಯ ತೆರಿಗೆಯಿಂದ ಕಳೆಯುತ್ತಿದ್ದರು. ಅದಕ್ಕೆ ಬಿಲ್ ಬೇಕು, ಬ್ಯಾಂಕಿನ 'ಬೊನಿಫಿಕೊ ಪಾರ್ಲಾಂತೆ' (ಯಾವ ಕೆಲಸಕ್ಕೆ, ಯಾರಿಗೆ ಅಂತ ನಮೂದಿಸಿದ ವರ್ಗಾವಣೆ) ಮೂಲಕವೇ ಹಣ ಹೋಗಬೇಕು. ನಾನೂರು ಉಳಿಸಲು ಹೋಗಿ ಎರಡು ಸಾವಿರ ಕಳೆದುಕೊಂಡೆ.

ವಾಟ್ಸಾಪಿನಲ್ಲಿ ಜಗಳ ಆಡುತ್ತಾ ಮಾರ್ಚ್ ಕೊನೆಯಾಯಿತು. ವಕೀಲರು ತಲೆ ಚಚ್ಚಿಕೊಂಡರು. ದೋಷ ಕಂಡ 60 ದಿನದೊಳಗೆ ಕಂಟ್ರಾಕ್ಟರಿಗೆ ತಿಳಿಸಬೇಕು, ರಿಜಿಸ್ಟರ್ಡ್ ಪತ್ರದಲ್ಲಿ ತಿಳಿಸಿದ್ದರೆ ಯಾರೂ ಅಲ್ಲಗಳೆಯಲು ಆಗುತ್ತಿರಲಿಲ್ಲ ಅಂದರು. ಅವನೇ ದೋಷ ಮುಚ್ಚಿಟ್ಟಿದ್ದರೆ ಆ ಗಡುವು ಲೆಕ್ಕಕ್ಕಿಲ್ಲವಂತೆ. ಹಾಗಾಗಿ ಆ ಹರಿದ ಚೀಲದ ಫೋಟೋಗಳೇ ಈಗ ನಮಗೆ ಆಧಾರ.

ನೀವು ಮಾಡಿಸುವುದಾದರೆ ಮೇಲ್ವಿಚಾರಣೆಗೆ ಜಿಯೋಮೆತ್ರಾಗೆ ದುಡ್ಡು ಕೊಡಿ, ಕಣ್ಣು ಮುಚ್ಚಿಕೊಂಡು ಕೊಡಿ. ಕೈಗೆ ಒಂದು ಯೂರೋನೂ ಕೊಡಬೇಡಿ. ಫೋಟೋ ನಂಬಲೇಬೇಡಿ. ಜಗಳ ಬಂದರೆ ಮೊದಲು ಪತ್ರ ಹಾಕಿ, ಆಮೇಲೆ ಬೈಯಿರಿ.

ಆ ಸಿಮೆಂಟ್ ಕಿತ್ತು ಹೊಸದಾಗಿ ಮಾಡಲು ಪಕ್ಕದೂರಿನ ವಯಸ್ಸಾದ ಮೇಸ್ತ್ರಿಯೊಬ್ಬರು ಒಪ್ಪಿದ್ದಾರೆ. ಸುಣ್ಣ ನಾನೇ ಅಂಗಡಿಗೆ ಹೋಗಿ ತರುತ್ತೇನೆ, ಚೀಲ ನಾನೇ ಎಣಿಸುತ್ತೇನೆ ಅಂದಿದ್ದೇನೆ. ಅವರು ಸರಿ ಅಂದರು.