ವೆನಿಸ್‌ನಲ್ಲಿ ಹಳೆಯ ಧಾರ್ಮಿಕ ಚಿತ್ರ ಕೊಳ್ಳುವವರು ದಯವಿಟ್ಟು ಇದನ್ನು ಓದಿ

480 ಯೂರೋ. ಅಪ್ಪ ಅಮ್ಮನ ಮದುವೆಯ ಐವತ್ತನೆಯ ವರ್ಷಕ್ಕೆಂದು ಕೂಡಿಟ್ಟ ಹಣ. ಅದನ್ನು ಕೊಟ್ಟು ನಾನು ತಂದದ್ದು ಒಂದು ಫೋಟೋ ಮುದ್ರಣ. ವಾರ ಕಳೆದರೂ ಸಿಟ್ಟು ಇಳಿದಿಲ್ಲ, ನಾಚಿಕೆಯೂ ಹೋಗಿಲ್ಲ.

ವೆನಿಸ್‌ನ ಒಂದು ಹಳೆಯ ವಸ್ತುಗಳ ಅಂಗಡಿ. ಗೋಡೆಯ ಮೇಲೆ ವೆನಿಸ್‌ನ ಕಲಾವಿದ ಜಾಂಡೊಮೆನಿಕೊ ಟಿಯೆಪೊಲೊ ಲೋಹದ ತಗಡು ಕೊರೆದು ಮುದ್ರಿಸಿದ 'ಈಜಿಪ್ಟಿಗೆ ಪಲಾಯನ' ಸರಣಿಯ ಚಿತ್ರವೊಂದು: ದೋಣಿಯಲ್ಲಿ ಮಾತೆ ಮರಿಯ, ಬಾಲಯೇಸು, ಜೋಸೆಫರು. ಬರೋಕ್ ಎಂಬ ವೈಭವದ ಕಲಾಶೈಲಿಯ ಕಾಲದ ಕೊನೆಯಲ್ಲಿ, 1753ರಲ್ಲಿ, ಹೊರಬಂದ ಸರಣಿ ಅದು. ಓದುವ ದಿನಗಳಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ, ಇಟಲಿಯ ಮೊಸ್ಕೆನಿ ಬರೆದ ಚಿತ್ರಗಳ ಕೆಳಗೆ ಕುಳಿತು ಪ್ರಾರ್ಥಿಸಿದವನು ನಾನು. ಆ ದೇಶದ ಕೈಕೆಲಸವೊಂದು ನಮ್ಮ ಮನೆಯ ಗೋಡೆಯ ಮೇಲೂ ಇರಲಿ ಎಂಬ ಆಸೆ ಹಳೆಯದು.

ಹಿನ್ನೆಲೆಯೆಲ್ಲ ತೆಳುವಾದ ಬೂದು ಛಾಯೆ. ಏನದು ಎಂದು ಕೇಳಿದೆ. "ಅದೇ ಅಕ್ವಾಟಿಂಟ್. ಎಚ್ಚಿಂಗ್ ಜೊತೆಗೆ ಅಕ್ವಾಟಿಂಟ್ ಇರುವುದಕ್ಕೇ ಈ ಬೆಲೆ" ಎಂದರು ಅಂಗಡಿಯವರು. ಎಚ್ಚಿಂಗ್ ಎಂದರೆ ತಗಡಿನ ಮೇಲೆ ಗೀರಿದ ಗೆರೆಗಳನ್ನು ಆಮ್ಲದಿಂದ ಕೊರೆದು ಮುದ್ರಿಸುವುದು, ಅಕ್ವಾಟಿಂಟ್ ಎಂದರೆ ಅದೇ ರೀತಿ ಛಾಯೆ ಮೂಡಿಸುವುದು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಆಮ್ಲದಲ್ಲಿ ಅದ್ದುವುದನ್ನೆಲ್ಲ ಬಾಯಿಪಾಠದಂತೆ ವಿವರಿಸಿದರು. ಅಂಚಿನಲ್ಲಿ ತಗಡು ಒತ್ತಿದ ಗುರುತನ್ನೂ ಗಾಜಿನ ಮೇಲಿಂದಲೇ ಬೆರಳಿಟ್ಟು ತೋರಿಸಿದರು. ಚೌಕಟ್ಟು ಬಿಚ್ಚಿ ತೋರಿಸಿ ಎಂದರೆ "ಹಳೆಯ ಕಾಗದ, ಹರಿಯುತ್ತದೆ" ಎಂದರು. ನಂಬಿದೆ. ಅಲ್ಲೇ ಹಣ ಕೊಟ್ಟೆ.

ನಾನಿರುವ ಮಿಲಾನ್‌ಗೆ ಮರಳಿದ ಮೇಲೆ, ಹಳೆಯ ಕಾಗದಗಳನ್ನು ದುರಸ್ತಿ ಮಾಡುವ ಪರಿಚಿತರೊಬ್ಬರು ಅದನ್ನು ಬಿಚ್ಚಿ ಭೂತಗನ್ನಡಿ ಹಿಡಿದರು. ಒಂದು ಮಾತೂ ಆಡದೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಚುಕ್ಕಿಗಳು. ಸಾಲು ಸಾಲು ಚುಕ್ಕಿಗಳು, ದಿನಪತ್ರಿಕೆಯ ಫೋಟೋದಲ್ಲಿ ಇರುತ್ತವಲ್ಲ, ಹಾಗೆ. ಅಕ್ವಾಟಿಂಟ್ ಆಗಿದ್ದರೆ ಬತ್ತಿದ ಕೆರೆಯ ತಳದ ಬಿರುಕಿನಂತೆ ಕ್ರಮವಿಲ್ಲದ ಬಲೆ ಕಾಣಬೇಕಿತ್ತು. ಆ ಬೂದು ಛಾಯೆ ಫೋಟೋದಲ್ಲಿ ಮೂಡಿಬಂದ ಮೂಲ ಕಾಗದದ ಬಣ್ಣ, ಅಷ್ಟೆ. ಅಂಚಿನ ಗುರುತು ಖಾಲಿ ತಗಡನ್ನು ಆಮೇಲೆ ಒತ್ತಿ ಮಾಡಿದ್ದು.

ಇನ್ನೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಟಿಯೆಪೊಲೊನ ಆ ಸರಣಿ ಬರಿಯ ಎಚ್ಚಿಂಗ್. ಪ್ಯಾರಿಸ್‌ನಲ್ಲಿ ಲ ಪ್ರ್ಯಾನ್ಸ್ ಎಂಬ ಕಲಾವಿದ ಅಕ್ವಾಟಿಂಟನ್ನು ಒಂದು ಹದಕ್ಕೆ ತಂದದ್ದೇ 1768ರ ಹೊತ್ತಿಗೆ. ಹದಿನೈದು ವರ್ಷ ಮೊದಲಿನ ಈ ಚಿತ್ರಕ್ಕೆ ಅದು ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಎರಡು ನಿಮಿಷ ಹುಡುಕಿದ್ದರೆ ಗೊತ್ತಾಗುತ್ತಿತ್ತು. ಹುಡುಕಲಿಲ್ಲ.

ಅಂಗಡಿಗೆ ಬರೆದೆ. ಉತ್ತರ ಒಂದೇ ಸಾಲು: "ರಸೀದಿ ನೋಡಿ." ರಸೀದಿಯಲ್ಲಿ 'ದಾ ಟಿಯೆಪೊಲೊ' ಎಂದಿದೆ. ಇಟಾಲಿಯನ್‌ನಲ್ಲಿ 'ದಾ' ಎಂದರೆ 'ಇಂದ'. ಟಿಯೆಪೊಲೊನಿಂದ ಎಂದೇ ಓದಿಕೊಂಡಿದ್ದೆ. ಈ ವ್ಯಾಪಾರದಲ್ಲಿ ಅದರ ಅರ್ಥ 'ಅವನ ಕೃತಿ ನೋಡಿ ಬೇರೆಯವರು ಮಾಡಿದ್ದು'. ಆರು ವರ್ಷದಿಂದ ಇಟಲಿಯಲ್ಲೇ ಇದ್ದು ಇಷ್ಟು ಚಿಕ್ಕ ಪದಕ್ಕೆ ಮೋಸಹೋದೆ.

ಮತ್ತೆ ಬರೆದೆ. ಇಂಥ ಮಾರಾಟಗಾರರು ಕೊಂಡವರಿಗೆ ಕೃತಿಯ ಕರ್ತೃತ್ವ ಮತ್ತು ಮೂಲದ ಬಗ್ಗೆ ದಾಖಲೆ ಕೊಡಬೇಕೆಂದು ಇಟಲಿಯ ಸಾಂಸ್ಕೃತಿಕ ಆಸ್ತಿ ಸಂಹಿತೆಯ 64ನೆಯ ವಿಧಿ ಹೇಳುತ್ತದೆ. ಅದಕ್ಕೆ ಬಂದ ಉತ್ತರ: "ಅಲಂಕಾರದ ಚಿತ್ರವೆಂದೇ ಮಾರಿದ್ದೇವೆ. ನೀವು ಪ್ರಮಾಣಪತ್ರ ಕೇಳಲಿಲ್ಲ." ಕೇಳಲಿಲ್ಲವಂತೆ! ಬೆಲೆಗೆ ಅಕ್ವಾಟಿಂಟೇ ಕಾರಣ ಎಂದವರು ಯಾರು? ದೂರದಿಂದ ತರಿಸಿಕೊಂಡಿದ್ದರೆ 14 ದಿನದಲ್ಲಿ ಹಿಂದಿರುಗಿಸುವ ಹಕ್ಕಿತ್ತು. ಅಂಗಡಿಗೇ ಹೋಗಿ ಕೊಂಡದ್ದರಿಂದ ಅದೂ ಇಲ್ಲ.

ಚೌಕಟ್ಟು ಬಿಚ್ಚದವರ ಬಳಿ ಕೊಳ್ಳಬೇಡಿ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಕನ್ನಡಿಯೊಂದು ಜೇಬಿನಲ್ಲಿರಲಿ. ಕಲಾವಿದ, ವಿಧಾನ, ಮುದ್ರಣದ ಕಾಲ ಮೂರನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. 'ದಾ' ಕಂಡರೆ ಎದ್ದು ಬನ್ನಿ.

ಮೂರನೆಯ ಪತ್ರಕ್ಕೆ ಅವರು ಉತ್ತರಿಸಿಲ್ಲ. ಇಟಲಿಯಿಂದ ಚಿತ್ರ ಬರುತ್ತಿದೆ ಎಂದು ಮನೆಗೆ ಮೊದಲೇ ಹೇಳಿಬಿಟ್ಟಿದ್ದೇನೆ. ಅಮ್ಮ ಮನೆಯ ಪ್ರಾರ್ಥನೆಯ ಪೀಠದ ಪಕ್ಕದ ಗೋಡೆಗೆ ಆಗಲೇ ಮೊಳೆ ಹೊಡೆಸಿದ್ದಾರೆ.